ಹಕ್ಕು, ಹಂಗು ಮತ್ತು ಎರಡು ತೊಟ್ಟಿಲು

ಅವಳಿ ಮಕ್ಕಳಿರುವ ಮನೆಯಲ್ಲಿ ಮೊದಲು ಅರ್ಥವಾಗುವುದು ಒಂದು ಸಣ್ಣ ಲೆಕ್ಕ. ಮಗು ಒಂದೇ ಆದರೆ ತಾಯಿ ಅದನ್ನು ಸೊಂಟಕ್ಕೇರಿಸಿಕೊಂಡು ಇನ್ನೊಂದು ಕೈಯಲ್ಲಿ ಒಲೆಯ ಮೇಲಿನ ಹಾಲು ಇಳಿಸಬಲ್ಲಳು. ಎರಡಾದರೆ ಹಾಲು ಉಕ್ಕಿ ಹೋಗುತ್ತದೆ. ಮೂರನೆಯ ಕೈ ಬೇಕೇ ಬೇಕು. ಪುತ್ತೂರಿನ ಮನೆಯಲ್ಲಿ ಅಂಥ ಕೈಗಳಿಗೆ ಕೊರತೆಯಿರಲಿಲ್ಲ. ನನ್ನ ಉಮ್ಮ, ಹೆಂಡತಿಯ ತಂಗಿ, ಪಕ್ಕದ ಮನೆಯ ಹೆಂಗಸರು, ಹೀಗೆ ಯಾರಾದರೊಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗಿ ಅದು ಮಲಗಿದ ಮೇಲೆಯೇ ತಂದು ಕೊಡುತ್ತಿದ್ದರು. ಅದನ್ನು ನಾವು ಸಹಾಯ ಎಂದು ಕರೆದದ್ದೂ ಇಲ್ಲ.

2007ರ ಜೂನ್‌ನಲ್ಲಿ ಆರು ತಿಂಗಳ ಮಕ್ಕಳೊಂದಿಗೆ ನಾವು ಬೆಂಗಳೂರಿಗೆ ಬಂದೆವು. ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮನೆ ಮಾತ್ರ ಸಿಗಲಿಲ್ಲ. ಇಂದಿರಾನಗರದ ಒಂದು ಮನೆಯಲ್ಲಿ ನನ್ನ ಹೆಸರು ಕೇಳಿದ ಮೇಲೆ 'ಮಗಳು ಅಮೆರಿಕದಿಂದ ಬರುತ್ತಾಳಂತೆ' ಎಂದರು. ಇನ್ನೊಂದರಲ್ಲಿ ಮಾಂಸ ಬೇಯಿಸುತ್ತೀರಾ ಎಂಬ ಪ್ರಶ್ನೆ. ಶಿವಾಜಿನಗರದ ಒಂದು ಮನೆಯಲ್ಲಿ ಹೆಸರು ಅಡ್ಡಿಯಾಗಲಿಲ್ಲ, ಮಕ್ಕಳು ಅಡ್ಡಿಯಾದವು: ಎರಡೂ ರಾತ್ರಿಯೆಲ್ಲ ಅಳುತ್ತವೆ, ಬಟ್ಟೆ ಒಗೆಯಲು ನೀರು ಹೆಚ್ಚು ಬೇಕು. (ಮುಸ್ಲಿಮನಾಗಿಯೂ ನನಗೆ ಉರ್ದು ಬಾರದಿರುವುದು ಆ ಮನೆಯೊಡೆಯರಿಗೆ ಇನ್ನೂ ದೊಡ್ಡ ಸೋಜಿಗವಾಗಿತ್ತು. ಮನೆಮಾತು ಬ್ಯಾರಿ ಎಂದರೆ ಅದು ಯಾವ ದೇಶದ ಭಾಷೆ ಎಂದು ಕೇಳಿದರು.) ಮುಸ್ಲಿಮರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ ಎಂಬ ದೂರನ್ನು 2006ರ ನವೆಂಬರಿನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿ ದಾಖಲಿಸಿತ್ತು. ಆದರೆ ನಮ್ಮನ್ನು ಬೇಡವೆಂದವರಲ್ಲಿ ಯಾರು ಧರ್ಮಕ್ಕಾಗಿ ಬೇಡವೆಂದರು, ಯಾರು ತೊಟ್ಟಿಲಿಗಾಗಿ ಬೇಡವೆಂದರು ಎಂದು ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ಕೊನೆಗೆ ಬ್ರೋಕರ್ ಒಂದು ಉಪಾಯ ಹೇಳಿದ: 'ಒಂದೇ ಮಗು ಅನ್ನಿ ಸಾರ್. ಒಳಗೆ ಬಂದ ಮೇಲೆ ಎರಡಾದ್ರೆ ಯಾರೇನ್ ಮಾಡ್ತಾರೆ?' ನಾವು ಹಾಗೆಯೇ ಮಾಡಿದೆವು. ಹಲಸೂರಿನ ಒಂದು ಗಲ್ಲಿಯ ಮೊದಲ ಮಹಡಿಯ ಮನೆಗೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟು, ಒಂದು ಮಗುವಿನ ಇರುವನ್ನು ಮುಚ್ಚಿಟ್ಟು ಒಳಗೆ ಕಾಲಿಟ್ಟೆವು.

ಕೆಳಗಿನ ಮನೆಯಲ್ಲಿ ತಮಿಳು ಮಾತಾಡುವ ವೃದ್ಧೆಯೊಬ್ಬರಿದ್ದರು. ಎರಡನೆಯ ದಿನವೇ ಅವರಿಗೆ ಗುಟ್ಟು ತಿಳಿಯಿತು. ಎರಡು ಅಳುವಿನ ದನಿ ಬೇರೆ ಬೇರೆ ಎಂದು ಗುರುತಿಸುವುದು ಆ ವಯಸ್ಸಿನ ಹೆಂಗಸಿಗೆ ಕಷ್ಟವೇ? ಅವರು ಯಾರಿಗೂ ಹೇಳಲಿಲ್ಲ. ಆಗಸ್ಟ್‌ನಲ್ಲಿ ಒಂದು ಮಧ್ಯರಾತ್ರಿ ಒಂದು ಮಗುವಿಗೆ ಜ್ವರ ಏರಿ ಮೈ ನಡುಗತೊಡಗಿತು. ನಾನು ಆಟೋ ಹುಡುಕಲು ಓಡಿದೆ. ಹಿಂತಿರುಗಿದಾಗ ಹೆಂಡತಿಯ ತೋಳಿನಲ್ಲಿ ಜ್ವರದ ಮಗು, ಈ ಪಾಟಿಯ ತೋಳಿನಲ್ಲಿ ಇನ್ನೊಂದು. ಅವರೂ ಆಟೋ ಹತ್ತಿದರು. ಅವಸರದಲ್ಲಿ ನಾನು ದುಡ್ಡು ಮರೆತಿದ್ದೆ. ಔಷಧಿಯ ಹಣ ಕೊಟ್ಟವರೂ ಅವರೇ.

ಮರುದಿನ ನಾನು ಐನೂರು ರೂಪಾಯಿಯ ನೋಟನ್ನು ಕವರಿನಲ್ಲಿಟ್ಟು ಕೊಟ್ಟೆ. ಅವರು ಒಳಗೆ ಹೋಗಿ ಬಿಲ್ಲು ತಂದು, ಔಷಧಿಯ ಹಣವನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಎಣಿಸಿ ನನ್ನ ಕೈಗೆ ಹಾಕಿದರು. 'ಔಷಧಿ ದುಡ್ಡು ಸರಿ ತಂಬಿ. ಇದು ಯಾವುದರ ದುಡ್ಡು?' ಎಂದರು. ಎರಡು ದಿನ ನನ್ನೊಂದಿಗೆ ಮಾತೂ ಆಡಲಿಲ್ಲ.

ಯಾವುದರ ದುಡ್ಡದು? ಕನ್ನಡದಲ್ಲಿ ಹಂಗು ಎಂಬ ಮಾತಿದೆ. ಪಡೆದವನ ತಲೆಯನ್ನು ಸ್ವಲ್ಪ ಬಾಗಿಸುವ ಉಪಕಾರ ಅದು. ನನ್ನ ತಂದೆ ಜೀವನಪೂರ್ತಿ ಹೇಳಿದ್ದು ಯಾರ ಹಂಗಿನಲ್ಲೂ ಇರಬೇಡ ಎಂದು. ಹೊಸ ಊರಿಗೆ ಬಂದವನಿಗೆ ಈ ಭಯ ಇನ್ನೂ ಹೆಚ್ಚು. ಅಪರಿಚಿತರ ಋಣ ಬೆಳೆದರೆ ಎಲ್ಲಿ, ಹೇಗೆ ತೀರಿಸುವುದು? ಆದುದರಿಂದ ನಾನು ಆ ರಾತ್ರಿಯನ್ನು ಆದಷ್ಟು ಬೇಗ ಕೊಂಡುಬಿಡಲು ಯತ್ನಿಸಿದ್ದೆ. ಅವರಿಗೆ ನೋವಾದದ್ದು ಅದಕ್ಕೆ. ನೆರೆಮನೆಯವಳಾಗಿ ಮಾಡಿದ್ದನ್ನು ನಾನು ಕೂಲಿ ಮಾಡಿಬಿಟ್ಟಿದ್ದೆ.

ನಮ್ಮಲ್ಲಿ ಇನ್ನೊಂದು ಮಾತೂ ಇದೆಯಲ್ಲ: ಹಕ್ಕು. ಅದು ಅರಬಿಯ 'ಹಕ್' ಉರ್ದುವಿನ ದಾರಿಯಲ್ಲಿ ಕನ್ನಡಕ್ಕೆ ಬಂದು ನಮ್ಮದೇ ಆಗಿಹೋದ ಪದ. ಇಸ್ಲಾಮಿನಲ್ಲಿ ನೆರೆಯವನಿಗೆ ಸಲ್ಲುವುದು ದಯೆಯಲ್ಲ, ಹಕ್. ಕುರ್‌ಆನ್‌ನ ನಾಲ್ಕನೆಯ ಅಧ್ಯಾಯದ 36ನೆಯ ಸೂಕ್ತ ಬಂಧುವಾದ ನೆರೆಯವನನ್ನೂ ಅಪರಿಚಿತನಾದ ನೆರೆಯವನನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಸಲ್ಲಬೇಕಾದುದನ್ನು ಪಡೆದವನು ತಲೆ ತಗ್ಗಿಸಬೇಕಾಗಿಲ್ಲ. ಕೊಟ್ಟವನೂ ಹೇಳಿಕೊಂಡು ತಿರುಗಬೇಕಾಗಿಲ್ಲ. ನನ್ನ ಪಾಟಿ ಈ ಸೂಕ್ತವನ್ನು ಕೇಳಿದವರಲ್ಲ, ಸೋಮೇಶ್ವರನ ಗುಡಿಗೆ ತಪ್ಪದೆ ಹೋಗುತ್ತಿದ್ದವರು. ಆದರೂ ಇದನ್ನು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಬಹುಶಃ ಈ ಭಾಗದ ಮಣ್ಣಿಗೇ ಅದು ಗೊತ್ತಿರಬೇಕು. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಊರಿದ ಮೇಲೆ ಸೈನ್ಯದ ಹಿಂದೆ ತಮಿಳರು ಬಂದರು, ದಖನಿ ಮುಸ್ಲಿಮರು ಬಂದರು, ವ್ಯಾಪಾರಕ್ಕೆಂದು ಕಚ್ಛಿ ಮೇಮನರು ಬಂದರು. 1898ರ ಪ್ಲೇಗಿನ ನಂತರ ಇಕ್ಕಟ್ಟಿನ ಬೀದಿಗಳ ಜನರಿಗಾಗಿ ಫ್ರೇಜರ್ ಟೌನ್‌ನಂಥ ಬಡಾವಣೆಗಳೆದ್ದವು. 1948ರಲ್ಲಿ ಐಟಿಐ ಶುರುವಾದಾಗ ದೂರವಾಣಿನಗರಕ್ಕೆ ಹಲವು ರಾಜ್ಯಗಳ ಸಂಸಾರಗಳು ಬಂದವು. ಇಲ್ಲಿನ ಎಷ್ಟೋ ಮನೆಗಳಲ್ಲಿ ಯಾರೋ ಒಬ್ಬರು ಮಗುವನ್ನು ಎತ್ತಿಕೊಂಡು, ಯಾರ ಪರಿಚಯವೂ ಇಲ್ಲದೆ ಬಂದಿಳಿದವರೇ. ಶಿವಾಜಿನಗರದ ಗೋಷಾ ಆಸ್ಪತ್ರೆಯನ್ನೇ ನೋಡಿ. ಪರದೆಯ ಹೆಂಗಸರಿಗೆಂದು ಹುಟ್ಟಿದ ಆ ಹೆರಿಗೆ ಆಸ್ಪತ್ರೆ ಮೇಮನ್ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರು ಹೊತ್ತಿದೆ. ಅಲ್ಲಿ ಹೆತ್ತ ತಾಯಿ ಸೇಠರ ಹಂಗಿನಲ್ಲಿ ಬದುಕುವುದಿಲ್ಲ. ಅವರು ಯಾರೆಂದೂ ಅವಳಿಗೆ ಗೊತ್ತಿರಲಾರದು. ಒಬ್ಬನ ಔದಾರ್ಯ ಸಂಸ್ಥೆಯಾದಾಗ ಹಂಗು ಕರಗಿ ಹಕ್ಕಾಗುತ್ತದೆ.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಹಿತವಾದ ಕಥೆಯಾಗುತ್ತಿತ್ತು. ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ.

2008ರಲ್ಲಿ ಹೆಂಡತಿಗೆ ಖಾಸಗಿ ಶಾಲೆಯೊಂದರಲ್ಲಿ ಕೆಲಸವಾಯಿತು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬಳನ್ನು ಗೊತ್ತುಮಾಡಿದೆವು. ಕೋಲಾರದ ಕಡೆಯವಳು. ಗಂಡ ಗಾರೆ ಕೆಲಸದವನು. ಕೆ.ಆರ್. ಪುರದಾಚೆಯ ಶೆಡ್ಡಿನಿಂದ ಎರಡು ಬಸ್ಸು ಹಿಡಿದು ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದಳು. ನಮ್ಮ ಮಕ್ಕಳನ್ನು ಅವಳಷ್ಟು ನಯವಾಗಿ ಎತ್ತಿಕೊಂಡವರನ್ನು ನಾನು ಕಂಡಿಲ್ಲ. ಮೂರನೆಯ ವಾರ, ನಮ್ಮ ಮಗು ಹಸಿದು ಅತ್ತಾಗ ಅವಳ ರವಿಕೆ ಒದ್ದೆಯಾದದ್ದನ್ನು ಹೆಂಡತಿ ಕಂಡಳು. ಕೇಳಿದಾಗ ಮೊದಲು ಬೆವರು ಎಂದಳು. ಆಮೇಲೆ ಅತ್ತಳು. ಮನೆಯಲ್ಲಿ ಐದು ತಿಂಗಳ ಕೂಸಿತ್ತು. ಒಂಬತ್ತು ವರ್ಷದ ಮಗಳು ಶಾಲೆ ಬಿಟ್ಟು ಅದನ್ನು ನೋಡಿಕೊಳ್ಳುತ್ತಿದ್ದಳು. 'ಕೂಸು ಐತೆ ಅಂದ್ರೆ ಯಾರೂ ಕೆಲ್ಸಕ್ಕೆ ಇಟ್ಕಣಲ್ಲ ಅಕ್ಕಾ.'

ನಾವು ಒಂದು ಮಗುವನ್ನು ಮುಚ್ಚಿಟ್ಟು ಮನೆ ಪಡೆದಿದ್ದೆವು, ಅವಳು ಒಂದು ಮಗುವನ್ನು ಮುಚ್ಚಿಟ್ಟು ಕೆಲಸ ಪಡೆದಿದ್ದಳು.

ಇಲ್ಲಿ ನನ್ನ ಪ್ರಶ್ನೆ. ಪಾಟಿಯ ಕೈಗೆ ಹಣ ಇಟ್ಟು ನಾನು ತಪ್ಪು ಮಾಡಿದ್ದೆ. ಇವಳಿಗೆ ತಿಂಗಳ ಮೊದಲ ತಾರೀಖಿಗೆ ಸಂಬಳ ಕೊಟ್ಟು ಲೆಕ್ಕ ಚುಕ್ತಾ ಎಂದುಕೊಂಡದ್ದು ಸರಿಯೇ? ಸಂಬಳದಲ್ಲಿ ತಪ್ಪಿಲ್ಲ. ಹಾಲೂಡಿಸುವವಳಿಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಕುರ್‌ಆನ್ ಹೇಳುತ್ತದೆ. ಪ್ರವಾದಿವರ್ಯರನ್ನು(ಸ) ಸಾಕಲು ಒಯ್ದ ಹಲೀಮಾ ಕೂಡ ಬರಗಾಲದ ವರ್ಷ ಜೀವನೋಪಾಯ ಹುಡುಕಿಕೊಂಡು ಮಕ್ಕಾಕ್ಕೆ ಬಂದ ಬಡ ಹೆಂಗಸು. ಆದರೆ ಕೂಲಿ ಕೊಟ್ಟಲ್ಲಿಗೆ ಆ ಸಂಬಂಧ ಮುಗಿಯಲಿಲ್ಲ. ಅವರು ತಾಯಿಯಾದರು, ಅವರ ಮಕ್ಕಳು ಒಡಹುಟ್ಟಿದವರಾದರು. ಹಲೀಮಾರ ಮಗಳು ಶೈಮಾ ಮಗುವನ್ನು ಎತ್ತಿ ಆಡಿಸಿದ ಹುಡುಗಿ. ಹುನೈನ್ ಯುದ್ಧದಲ್ಲಿ ಸೆರೆಯಾಗಿ ಬಂದ ಆಕೆ, ಚಿಕ್ಕಂದಿನಲ್ಲಿ ಎತ್ತಿಕೊಂಡಿದ್ದಾಗ ಕಚ್ಚಿದ ಗುರುತನ್ನು ತೋರಿಸಿದಳೆಂದೂ, ಪ್ರವಾದಿವರ್ಯರು ತಮ್ಮ ಹೊದಿಕೆಯನ್ನು ಹಾಸಿ ಕೂರಿಸಿದರೆಂದೂ ಸೀರಾ ಗ್ರಂಥಗಳಲ್ಲಿ ಬರುತ್ತದೆ. ಈ ಪ್ರಸಂಗವನ್ನು ನಾನು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೆ. ಮಗುವನ್ನು ಎತ್ತಿಕೊಂಡ ಆ ಪುಟ್ಟ ಹುಡುಗಿಯನ್ನು ಮಾತ್ರ ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಅಮೆರಿಕದ ತತ್ವಜ್ಞಾನಿ ಇವಾ ಕಿಟ್ಟೆ, ಪರಾಧೀನ ಜೀವವನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು ಸಮಾಜದ ನ್ಯಾಯದ ಭಾಗ ಎಂದು ವಾದಿಸಿದ್ದಾರೆ. ನಮಗಿದು ಹೊಸತಲ್ಲ. ಬಾಣಂತನ ಎಂದರೆ ಮಗುವನ್ನಷ್ಟೇ ಅಲ್ಲ, ಮಗುವನ್ನು ನೋಡುವ ತಾಯಿಯನ್ನೂ ನೋಡಿಕೊಳ್ಳುವುದು. ಅವಳ ಬಾಣಂತನ ಯಾರ ಪಾಲಿನದು? ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಜಾಗದಲ್ಲಿ ಶಿಶುಗಳಿಗೆ ಕೊಠಡಿಯಿರಬೇಕೆಂದು 1996ರ ಕಾಯ್ದೆ ಹೇಳಿತ್ತು. ಹೆರಿಗೆ ಸೌಲಭ್ಯದ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ಐವತ್ತು ಮಂದಿಯ ಸಂಸ್ಥೆಗಳಿಗೆ ಶಿಶುವಿಹಾರ ಕಡ್ಡಾಯವಾಯಿತು. ಮನೆಗೆಲಸದವಳಿಗೆ ಐವತ್ತು ಜನ ಸಹೋದ್ಯೋಗಿಗಳಿರುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆ ಹುಡುಗಿಗೆ ಶಾಲೆಯ ಹಕ್ಕನ್ನು ಕೊಟ್ಟಿತು. ಸೊಂಟದ ಮೇಲಿನ ಕೂಸನ್ನು ಇಳಿಸಿಕೊಳ್ಳುವವರು ಯಾರು?

ಕೂಸನ್ನು ಇಲ್ಲಿಗೇ ಕರೆದುಕೊಂಡು ಬಾ ಎಂದೆವು. ಸಂಬಳ ಸ್ವಲ್ಪ ಹೆಚ್ಚಿಸಿದೆವು. ಮೂರು ಮಕ್ಕಳು ಒಂದೇ ಚಾಪೆಯ ಮೇಲೆ ಹೊರಳಾಡಿದವು. ಮಧ್ಯಾಹ್ನ ಪಾಟಿಯೂ ಮೇಲೆ ಬರುತ್ತಿದ್ದರು. ಹುಡುಗಿ ಶಾಲೆಗೆ ಹೋಗತೊಡಗಿದಳೆಂದು ಆಕೆ ಹೇಳಿದಳು. ಆರು ವಾರ ಕಳೆಯಿತು. ಆಮೇಲೆ ಮನೆಯೊಡೆಯರು ಬಂದು, ಬಾಡಿಗೆಗೆ ಕೊಟ್ಟದ್ದು ಸಂಸಾರಕ್ಕೆ, ಬಾಲವಾಡಿಗಲ್ಲ ಎಂದರು. ಒಂದು ಮಗು ಎಂದು ಸುಳ್ಳು ಹೇಳಿ ಬಂದವನಿಗೆ ಜಗಳವಾಡುವ ಧೈರ್ಯ ಎಲ್ಲಿಂದ ಬರಬೇಕು? ಇದು ನೆಪ ಎಂದು ಈಗ ಅನಿಸುತ್ತದೆ. ಮನೆ ಹೋದರೆ ಮತ್ತೆ ಅಲೆಯಬೇಕಲ್ಲ ಎಂಬುದೇ ನಿಜವಾದ ಕಾರಣ. ಕೆಲವು ದಿನ ಕೂಸನ್ನು ತರಬೇಡ ಎಂದೆವು. ಅವಳು ಸರಿ ಅಕ್ಕಾ ಎಂದಳು. ಮರುದಿನದಿಂದ ಬರಲಿಲ್ಲ.

ಎರಡು ಭಾನುವಾರ ಅವಳು ಹೇಳುತ್ತಿದ್ದ ಜಾಗವನ್ನು ಹುಡುಕಿಕೊಂಡು ಹೋದೆ. ಕಟ್ಟಡ ಮುಗಿದಿತ್ತು, ಶೆಡ್ಡುಗಳನ್ನು ಕಿತ್ತಿದ್ದರು. ಹತ್ತು ದಿನದ ಸಂಬಳ ನಮ್ಮಲ್ಲೇ ಉಳಿಯಿತು.

ನಮ್ಮ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಹಲಸೂರಿನಿಂದ ಕೆ.ಆರ್. ಪುರದ ಕಡೆಗೆ ಮೆಟ್ರೋದಲ್ಲಿ ಹೋಗುತ್ತಾರೆ. ಪಾಟಿ ತೀರಿಕೊಂಡಾಗ ಇಬ್ಬರೂ ಹೆಗಲು ಕೊಟ್ಟರು. ಈ ಇನ್ನೊಬ್ಬಳ ನೆನಪು ಅವರಿಗಿಲ್ಲ. ಅವಳು ಹೋದ ಮೇಲೆ ಬೇರೆಯವಳನ್ನು ಗೊತ್ತುಮಾಡಿದೆವು. ಸಂಬಳ, ರಜೆ, ಬಸ್ಸಿನ ಖರ್ಚು ಎಲ್ಲ ಮಾತಾಡಿದೆವು. ಮನೆಯಲ್ಲಿ ಕೂಸಿದೆಯೇ ಎಂದು ನಾನೂ ಕೇಳಲಿಲ್ಲ, ನನ್ನ ಹೆಂಡತಿಯೂ ಕೇಳಲಿಲ್ಲ.