ಸಪ್ಪಳ ಮತ್ತು ಅನುಮಾನ

ನಮ್ಮ ಮಾತಿನಲ್ಲಿ ‘ಅನುಮಾನ’ ಎಂದರೆ ಸಂಶಯ. ‘ಅವನ ಮೇಲೆ ನನಗೆ ಅನುಮಾನ’ ಎಂದರೆ ಅವನನ್ನು ನಂಬುವುದಿಲ್ಲ ಎಂದೇ ಅರ್ಥ. ನ್ಯಾಯದರ್ಶನದಲ್ಲಿ ಇದೇ ಪದ ಒಂದು ಪ್ರಮಾಣದ ಹೆಸರು. ಕಂಡದ್ದನ್ನು ಹಿಡಿದು ಕಾಣದ್ದನ್ನು ತಿಳಿಯುವ ದಾರಿ ಅದು. ಒಂದೇ ಪದ ಒಂದು ಕಡೆ ತಿಳಿವಳಿಕೆಯ ಕೊರತೆಯನ್ನೂ ಇನ್ನೊಂದು ಕಡೆ ತಿಳಿವಳಿಕೆಯ ಸಾಧನವನ್ನೂ ಹೇಳುವುದು ವಿಚಿತ್ರ ಅನಿಸಬಹುದು. ಆದರೆ ಮೊದಲನೆಯದರಿಂದ ಎರಡನೆಯದಕ್ಕೆ ನಡೆದು ಹೋಗುವುದು ನಮ್ಮ ಕರ್ತವ್ಯವೇ? ಸಂಶಯ ಬಂದ ಮೇಲೆ ತಿಳಿದುಕೊಳ್ಳದೆ ಸುಮ್ಮನಿರುವುದು ತಪ್ಪೇ? ಸಂಶೋಧನೆಗಾಗಿ ಈ ಗ್ರಂಥಗಳನ್ನು ಓದುತ್ತಿರುವ ನನಗೆ ಈ ಪ್ರಶ್ನೆ ತನ್ನ ಪೂರ್ತಿ ತೂಕದೊಂದಿಗೆ ಎದುರಾದದ್ದು ರಾಮದುರ್ಗದ ಒಂದು ಗ್ಯಾರೇಜಿನಲ್ಲಿ.

ನಮ್ಮ ಕಾಕಾ ಹಳೆಯದೊಂದು ಕ್ರೂಸರ್ ಗಾಡಿಯನ್ನು ಬಾಡಿಗೆಗೆ ಓಡಿಸುತ್ತಾರೆ. ಸುರೇಬಾನ, ಕಟಕೋಳ, ಜಾತ್ರೆಯ ದಿನಗಳಲ್ಲಿ ಗೊಡಚಿ. ಕೆಲವು ವಾರಗಳಿಂದ ಗಾಡಿಯ ಅಡಿಯಲ್ಲಿ ಒಂದು ಸಪ್ಪಳ ಶುರುವಾಗಿತ್ತು. ಕ್ಲಚ್ ಬಿಟ್ಟು ಗಾಡಿ ಹೊರಡುವಾಗ ಒಮ್ಮೆ ‘ಟಕ್’, ರಿವರ್ಸ್ ಹಾಕಿದಾಗ ಇನ್ನೊಮ್ಮೆ ‘ಟಕ್’.

“ಹಳೇ ಗಾಡಿ ತಮ್ಮಾ, ಸಪ್ಪಳ ಇದ್ದದ್ದ. ಒಂದಿಷ್ಟು ಗ್ರೀಸ್ ಹೊಡದು ಕೊಡು, ನಾಳೆ ಸಂತಿ ಟ್ರಿಪ್ ಐತಿ” ಎಂದರು ಕಾಕಾ.

ಮಿಸ್ತ್ರಿ ಪಾನಾ ಕೆಳಗಿಟ್ಟು ಕೇಳಿದ: “ಸಪ್ಪಳ ಬಂದ್ ಮಾಡಬೇಕೋ, ಯಾಕ ಬರಾಕತ್ತೈತಿ ಅಂತ ನೋಡಬೇಕೋ? ಅವೆರಡೂ ಬ್ಯಾರೆ ಬ್ಯಾರೆ ಕೆಲಸ ಅಣ್ಣಾರ.”

ಆತ ಮೊದಲು ಗಾಡಿಯನ್ನು ನಿಂತಲ್ಲೇ ಚಾಲೂ ಮಾಡಿ ರೇಸ್ ಕೊಟ್ಟ. ಸಪ್ಪಳ ಬರಲಿಲ್ಲ. ಹಾಗಾದರೆ ಎಂಜಿನ್ ಕಡೆಯದಲ್ಲ, ಸೈಲೆನ್ಸರಿನ ಕ್ಲಾಂಪ್ ಸಡಿಲವಾದದ್ದೂ ಅಲ್ಲ. ರಸ್ತೆಗೆ ಇಳಿಸಿ ಒಂದು ಹಂಪ್ ಹಾರಿಸಿದ. ಅಲ್ಲೂ ಇಲ್ಲ, ಪಾಟಾ, ಬುಷ್‌ಗಳ ಮೇಲಿನ ಸಂಶಯ ಕಡಿಮೆಯಾಯಿತು. ವೇಗದಲ್ಲಿರುವಾಗ ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟ, ಎಡಕ್ಕೂ ಬಲಕ್ಕೂ ತಿರುಗಿಸಿದ. ಚಕ್ರದ ಬೇರಿಂಗ್ ಸವೆದಿದ್ದರೆ ಬರುವ ಗುಂಯ್‌ಗುಡುವಿಕೆ ಇಲ್ಲ. ವಾಪಸು ಬಂದು, ಗಾಲಿಗೆ ಕಲ್ಲು ಕೊಟ್ಟು, ಗೇರ್ ತೆಗೆದು, ಅಡಿಯಲ್ಲಿ ಮಲಗಿ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಆಚೀಚೆ ತಿರುವಿದ. ಜಾಯಿಂಟಿನ ಒಂದು ಬದಿ ತಿರುಗಿದರೆ ಇನ್ನೊಂದು ಬದಿ ತುಸು ತಡವಾಗಿ ಹಿಂಬಾಲಿಸುತ್ತಿತ್ತು. ಕ್ರಾಸ್ ಸವೆದಿತ್ತು.

ಗೌತಮನ ನ್ಯಾಯಸೂತ್ರ ಅನುಮಾನವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಒಂದು ಶೇಷವತ್. ಭಾಷ್ಯಕಾರ ವಾತ್ಸ್ಯಾಯನ ಇದಕ್ಕೆ ಎರಡು ಅರ್ಥ ಕೊಡುತ್ತಾನೆ. ಒಂದು, ಕಾರ್ಯದಿಂದ ಕಾರಣವನ್ನು ತಿಳಿಯುವುದು. ಇನ್ನೊಂದು, ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಿ ಉಳಿದದ್ದನ್ನು ಹಿಡಿಯುವುದು. ಮಿಸ್ತ್ರಿ ಅರ್ಧ ಗಂಟೆಯಲ್ಲಿ ಎರಡನ್ನೂ ಮಾಡಿದ್ದ.

ಮೊದಲ ಅರ್ಥಕ್ಕೆ ವಾತ್ಸ್ಯಾಯನ ಕೊಡುವ ಉದಾಹರಣೆ ತುಂಬಿ ಹರಿಯುವ ಹೊಳೆ. ಹೊಳೆ ಕೆಂಪಾಗಿ, ರಭಸವಾಗಿ ಬಂದರೆ ಮೇಲೆ ಮಳೆಯಾಗಿದೆ ಎಂದು ತಿಳಿಯುತ್ತೇವೆ. ಆದರೆ ಸೂತ್ರದಲ್ಲೇ ಒಬ್ಬ ಆಕ್ಷೇಪಕ ಎದ್ದು ನಿಲ್ಲುತ್ತಾನೆ: ನೀರಿಗೆ ಎಲ್ಲೋ ತಡೆ ಬಿದ್ದರೂ ಹೊಳೆ ಉಬ್ಬಬಹುದಲ್ಲ, ಹಾಗಾದರೆ ಅನುಮಾನವನ್ನು ಹೇಗೆ ನಂಬುವುದು? ರಾಮದುರ್ಗದವರಿಗೆ ಈ ಆಕ್ಷೇಪ ಪುಸ್ತಕದ ಮಾತಲ್ಲ. ನಮ್ಮ ಮಲಪ್ರಭೆ ಹುಟ್ಟುವುದು ದೂರದ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ನಡುವೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟಿದೆ. ಇಲ್ಲಿ ಹೊಳೆ ಏರಿದರೆ ಅದು ಇಂದಿನ ಮಳೆಯೇ ಆಗಬೇಕಿಲ್ಲ, ಗೇಟು ಎತ್ತಿದ್ದೂ ಇರಬಹುದು. 2019ರ ಆಗಸ್ಟಿನ ಮಹಾಪೂರ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆಕ್ಷೇಪಕನಿಗೆ ನೈಯಾಯಿಕರು ಕೊಡುವ ಉತ್ತರ ಸರಳ: ತಪ್ಪು ಅನುಮಾನದ್ದಲ್ಲ, ಅರ್ಧಂಬರ್ಧ ನೋಡಿದವನದ್ದು. ತಡೆಯಿಂದ ಉಬ್ಬಿದ ನೀರು ಮಳೆಯ ನೀರಿನಂತೆ ಇರುವುದಿಲ್ಲ. ಬಣ್ಣ ನೋಡು, ರಭಸ ನೋಡು, ಏನೇನು ತೇಲಿ ಬರುತ್ತಿದೆ ನೋಡು.

ಈಗ ಕಾಕಾ ಅವರ ಮಾತಿಗೆ ಬರೋಣ. ‘ಹಳೇ ಗಾಡಿ, ಸಪ್ಪಳ ಇದ್ದದ್ದ.’ ಕಾರಣ ಹೇಳಿದ ಹಾಗೆ ಕೇಳಿಸುತ್ತದೆ. ಆದರೆ ಹಳೆಯ ಗಾಡಿಗಳಲ್ಲಿ ಗಟ್ಟಿಮುಟ್ಟಾದವೂ ಇವೆ, ಕೆಟ್ಟವೂ ಇವೆ. ಎರಡೂ ಕಡೆ ಸಿಗುವ ಗುರುತು ಯಾವುದನ್ನೂ ಸಾಧಿಸಲಾರದು. ನೈಯಾಯಿಕರು ಇದನ್ನು ಸವ್ಯಭಿಚಾರ ಎಂಬ ಹೇತ್ವಾಭಾಸ ಎನ್ನುತ್ತಾರೆ, ಹೇತುವಿನ ವೇಷ ಹಾಕಿದ ಹುಸಿ. ‘ಹಳೆಯದು’ ಎನ್ನುವುದು ಇನ್ನು ಮುಂದೆ ಕೇಳಬೇಡ ಎನ್ನುವ ಮಾತು. ಅದಕ್ಕೇ ಅದು ಇಷ್ಟು ಹಿತವಾಗಿರುತ್ತದೆ.

ಆದರೆ ಹಿತವಾದ ಹುಸಿ ಕಾರಣವೊಂದನ್ನು ಹಿಡಿದುಕೊಳ್ಳುವುದು ತರ್ಕದ ದೋಷ ಮಾತ್ರವೇ, ನೀತಿಯ ದೋಷವೂ ಹೌದೇ? 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ ನಂಬಿಕೆಯ ನೀತಿಯ ಬಗ್ಗೆ ಬರೆದ ಪ್ರಬಂಧ ಇದೇ ಪ್ರಶ್ನೆಯನ್ನು ಒಂದು ಹಳೆಯ ಹಡಗಿನ ಮೂಲಕ ಎತ್ತುತ್ತದೆ. ಹಡಗಿನ ಒಡೆಯನಿಗೆ ಅದರ ಗಟ್ಟಿತನದ ಬಗ್ಗೆ ಸಂಶಯ ಬರುತ್ತದೆ. ಇಷ್ಟು ಸಲ ಹೋಗಿ ಬಂದಿದೆ, ದೇವರು ಕಾಯುತ್ತಾನೆ ಎಂದು ಆ ಸಂಶಯವನ್ನು ಮಲಗಿಸಿ, ವಲಸೆ ಹೊರಟ ಕುಟುಂಬಗಳನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ, ವಿಮೆಯ ಹಣ ಬರುತ್ತದೆ. ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಆದರೂ ಅಪರಾಧಿ, ಏಕೆಂದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ. ಹಡಗು ಕ್ಷೇಮವಾಗಿ ದಡ ಸೇರಿದ್ದರೂ ಅವನು ಅಷ್ಟೇ ಅಪರಾಧಿ ಎಂದು ಕ್ಲಿಫರ್ಡ್ ಮುಂದುವರಿಸುತ್ತಾನೆ.

ಇದಕ್ಕೆ 1896ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಉತ್ತರ ಕೊಟ್ಟ. ಪುರಾವೆಗೆ ಕಾಯುತ್ತ ಕುಳಿತರೆ ಬದುಕು ನಡೆಯದ ಸಂದರ್ಭಗಳಿವೆ, ಅಲ್ಲಿ ನಂಬುವ ಹಕ್ಕು ನಮಗಿದೆ ಎಂದ. ಆದರೆ ಆ ರಿಯಾಯಿತಿ ಅವನು ಕೊಟ್ಟದ್ದು ಬುದ್ಧಿಯಿಂದ ಇತ್ಯರ್ಥವಾಗದ ಪ್ರಶ್ನೆಗಳಿಗೆ ಮಾತ್ರ. ಗಾಡಿಯ ಅಡಿಯ ಸಪ್ಪಳ ಅಂಥದ್ದಲ್ಲ. ಅರ್ಧ ಗಂಟೆ, ಎರಡು ಕಲ್ಲು, ಅಡಿಯಲ್ಲಿ ಮಲಗಲು ಒಬ್ಬ ಮನುಷ್ಯ ಇದ್ದರೆ ಇತ್ಯರ್ಥವಾಗುತ್ತದೆ.

ಕ್ಲಿಫರ್ಡನ ಕಥೆಯಲ್ಲಿ ನನಗೆ ಒಂದು ಕಡೆ ತಕರಾರಿದೆ. ಅವನ ಒಡೆಯ ಸಿರಿವಂತ. ರಾಮದುರ್ಗದಲ್ಲಿ ಹಳೆಯ ಗಾಡಿ ಓಡಿಸುವವನಿಗೆ ಸಂತೆಯ ದಿನದ ದುಡಿಮೆ ಎಂದರೆ ಸಾಲದ ಕಂತು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಇಲ್ಲಿ ಎರಡು ವೆಚ್ಚಗಳನ್ನು ಬೇರೆ ಮಾಡಬೇಕು ಅನಿಸುತ್ತದೆ. ದುರಸ್ತಿ ದುಬಾರಿಯಾಗಬಹುದು, ಪರೀಕ್ಷೆ ಸಾಮಾನ್ಯವಾಗಿ ಅಗ್ಗ. ನಾವು ಪರೀಕ್ಷೆಗೆ ಹೋಗದಿರುವುದು ಪರೀಕ್ಷೆಯ ಖರ್ಚಿಗೆ ಹೆದರಿ ಅಲ್ಲ, ಅದು ಹೇಳಲಿರುವ ದುರಸ್ತಿಗೆ ಹೆದರಿ. ದುರಸ್ತಿಗೆ ಹಣವಿಲ್ಲದವನನ್ನು ಕ್ಷಮಿಸಬಹುದು. ತಿಳಿದುಕೊಳ್ಳಲು ಒಲ್ಲೆ ಎನ್ನುವವನನ್ನು ಅಷ್ಟು ಸುಲಭವಾಗಿ ಕ್ಷಮಿಸಲಾಗದು. ತಿಳಿದವನಿಗೆ ದಾರಿಗಳು ಉಳಿಯುತ್ತವೆ: ಎರಡು ದಿನ ಗಾಡಿ ನಿಲ್ಲಿಸಬಹುದು, ಬೇರೆಯವರ ಗಾಡಿಗೆ ಟ್ರಿಪ್ ಬಿಟ್ಟುಕೊಡಬಹುದು, ಸಾಲ ಕೇಳಬಹುದು. ತಿಳಿಯದವನಿಗೆ ಹರಕೆಯೊಂದೇ.

ಗ್ರೀಸಿನ ವಿಷಯವೂ ಇಲ್ಲೇ ಬರುತ್ತದೆ. ಒಣಗಿದ ಜಾಯಿಂಟಿಗೆ ಗ್ರೀಸ್ ಹೊಡೆದರೆ ಸಪ್ಪಳ ಕೆಲವು ದಿನ ಅಡಗಬಹುದು. ಸವೆದದ್ದು ಸವೆದೇ ಇರುತ್ತದೆ. ಸಡಿಲ ಸೈಲೆನ್ಸರ್ ಊರೆಲ್ಲ ಕೇಳುವಂತೆ ಬಡಿದುಕೊಂಡರೂ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಮೆಲ್ಲಗೆ ‘ಟಕ್’ ಎನ್ನುವ ಕ್ರಾಸ್ ಮುರಿದರೆ, ಓಡುವ ಗಾಡಿಯ ಶಾಫ್ಟ್ ರಸ್ತೆಗೆ ಬೀಳುತ್ತದೆ. ಸಪ್ಪಳದ ಜೋರಿಗೂ ಅಪಾಯದ ಅಳತೆಗೂ ಸಂಬಂಧವಿಲ್ಲ. ಸಪ್ಪಳ ನಿಂತದ್ದಕ್ಕೂ ವಾಸಿಯಾದದ್ದಕ್ಕೂ ಸಂಬಂಧವಿಲ್ಲ. ಕಾಕಾ ಒಂದಿಷ್ಟು ಹೊತ್ತು ಗಾಡಿಯ ಸುತ್ತ ಸುತ್ತಾಡಿ, ಸಂತೆಯ ಟ್ರಿಪ್ ಬಿಟ್ಟು, ಕ್ರಾಸ್ ಹಾಕಿಸಿದರು. ಆ ದಿನದ ನಷ್ಟ ಅವರಿಗೆ ಸಣ್ಣದಾಗಿರಲಿಲ್ಲ.

ಇನ್ನು ಗಾಡಿಯೊಳಗೆ ಕುಳಿತವರು. ಸಪ್ಪಳ ಅವರ ಕಿವಿಗೂ ಬೀಳುತ್ತದೆ. ಕಾಯಿಪಲ್ಲೆಯ ಬುಟ್ಟಿ ಹಿಡಿದ ಹೆಂಗಸು, ಪರೀಕ್ಷೆಗೆ ಹೊರಟ ಹುಡುಗ, ದವಾಖಾನೆಗೆ ಹೊರಟ ಮುದುಕ. ‘ಏನದು ಸಪ್ಪಳ?’ ಎಂದು ಕೇಳಿದರೆ ‘ಬ್ಯಾಡಾದ್ರ ಇಳೀರಿ’ ಎಂಬ ಉತ್ತರ ಬರಬಹುದು, ಮುಂದಿನ ಗಾಡಿ ಯಾವಾಗಲೋ. ಅವರಿಗೂ ಸಂಶಯವಿದೆ, ಪರೀಕ್ಷಿಸುವ ಅಧಿಕಾರವಿಲ್ಲ. ಹಾಗಾಗಿ ಸ್ಟೀರಿಂಗ್ ಹಿಡಿದವನು ಕೇಳಿಸಿಕೊಳ್ಳಬೇಕಾದದ್ದು ಅವರೆಲ್ಲರ ಪರವಾಗಿ. ನನ್ನ ಜೀವದ ಬಗ್ಗೆ ಮಾತ್ರವಾದರೆ ಸಂಶಯವನ್ನು ಮಲಗಿಸಿಕೊಳ್ಳುವುದು ನನ್ನ ಇಷ್ಟ ಎನ್ನಬಹುದೇನೋ. ಇನ್ನೊಬ್ಬರ ಜೀವ ಅದರ ಮೇಲೆ ಕುಳಿತಾಗ ಆ ಇಷ್ಟ ಉಳಿಯುವುದಿಲ್ಲ.

ಇದು ಗಾಡಿಗಳಿಗೇ ನಿಲ್ಲುವ ಮಾತಲ್ಲ. ನಮ್ಮ ಮನೆಗಳಲ್ಲಿ ಅಜ್ಜಿಯೋ ಅವ್ವನೋ ಮೊಣಕಾಲು ನೋವು ಎಂದಾಗ, ‘ವಯಸ್ಸಾತು, ಇದ್ದದ್ದ’ ಎಂದುಬಿಡುತ್ತೇವೆ. ಅದೇ ವಾಕ್ಯ, ಅದೇ ಹೇತ್ವಾಭಾಸ. ನೋವಿನ ಮಾತ್ರೆ ಅಲ್ಲಿಯ ಗ್ರೀಸ್. ಅವರು ಮುಂದೆ ನೋವೆನ್ನುವುದನ್ನು ನಿಲ್ಲಿಸಿದರೆ, ಕಡಿಮೆಯಾಯಿತು ಎಂದು ನಾವು ತಿಳಿಯುತ್ತೇವೆ. ಹೇಳಿ ಪ್ರಯೋಜನವಿಲ್ಲ ಎಂದು ಅವರು ಸುಮ್ಮನಾಗಿರಲೂಬಹುದು.