ಹೊರಗೆ ಕಾಣುವ ವಿಳಾಸ

ನನ್ನ ಲ್ಯಾಪ್‌ಟಾಪಿನೊಳಗೆ ಇನ್ನೊಂದು ಕಂಪ್ಯೂಟರ್ ಇದೆ. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ನಡೆಯುವ ವರ್ಚುವಲ್ ಯಂತ್ರ. ಹೊರಗಿನದನ್ನು ಹೋಸ್ಟ್ ಎನ್ನುತ್ತಾರೆ, ಒಳಗಿನದನ್ನು ಗೆಸ್ಟ್. ಈ ಅತಿಥಿಗೆ ಇಂಟರ್‌ನೆಟ್ ಕೊಡಿಸಲು ನಾನೇನೂ ಮಾಡಬೇಕಾಗಿರಲಿಲ್ಲ. ಸೆಟ್ಟಿಂಗ್‌ನಲ್ಲಿ 'ನ್ಯಾಟ್' ಎಂಬ ಆಯ್ಕೆ ಮೊದಲೇ ಇತ್ತು.

ನ್ಯಾಟ್‌ನಲ್ಲಿ ಒಳಗಿನ ಯಂತ್ರಕ್ಕೆ ಸಾಮಾನ್ಯವಾಗಿ 10.0.2.15 ಎಂಬ ವಿಳಾಸ ಸಿಗುತ್ತದೆ. ಅದು ಲ್ಯಾಪ್‌ಟಾಪಿನ ಹೊಸ್ತಿಲು ದಾಟುವುದಿಲ್ಲ. ಯಂತ್ರ ಕೇಳಿದ್ದೆಲ್ಲ ಲ್ಯಾಪ್‌ಟಾಪಿನ ಹೆಸರಲ್ಲೇ ಹೋಗುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಎಂಬ ಕಿಂಡಿಯನ್ನು ನಾವೇ ತೆರೆಯದ ಹೊರತು ಹೊರಗಿನವರು ಅದನ್ನು ಕರೆಯಲಾರರು. ಅದು ಯಾರನ್ನು ಬೇಕಾದರೂ ಮಾತಾಡಿಸಬಹುದು. ಅದನ್ನು ಯಾರೂ ಮಾತಾಡಿಸುವಂತಿಲ್ಲ.

ಕಳೆದ ವರ್ಷ ನನಗೆ ಹಳೆಯ ಪತ್ರಿಕೆಗಳ ಸಂಚಿಕೆಗಳು ಬೇಕಿದ್ದವು. ಡಿಜಿಟಲ್ ಗ್ರಂಥಾಲಯವೊಂದರಿಂದ ಒಂದೊಂದೇ ಪುಟ ಇಳಿಸಿಕೊಳ್ಳುವ ತಾಳ್ಮೆಯಿಲ್ಲದೆ, ಪುಟ್ಟ ಸ್ಕ್ರಿಪ್ಟ್ ಬರೆದು ಒಳಗಿನ ಯಂತ್ರದಲ್ಲಿ ಓಡಲು ಬಿಟ್ಟು ಮಲಗಿದೆ. ಬೆಳಗಾಗುವಷ್ಟರಲ್ಲಿ ಗ್ರಂಥಾಲಯ ನಮ್ಮನ್ನು ತಡೆದಿತ್ತು. ನನ್ನನ್ನಲ್ಲ, ನಮ್ಮನ್ನು. ಹಾಸ್ಟೆಲಿನ ರೂಟರ್ ಕೂಡ ನ್ಯಾಟ್ ಮಾಡುತ್ತದೆ. ಹೊರಲೋಕಕ್ಕೆ ಇಡೀ ಹಾಸ್ಟೆಲ್ಲಿಗೆ ಒಂದೇ ವಿಳಾಸ.

ಪಕ್ಕದ ಕೋಣೆಯ ಗೆಳೆಯ ಬಂದ. ಪ್ರಬಂಧ ಸಲ್ಲಿಸಲು ಅವನಿಗೆ ನಾಲ್ಕೇ ದಿನವಿತ್ತು, ಎರಡು ಉಲ್ಲೇಖಗಳ ಪುಟಸಂಖ್ಯೆ ನೋಡಬೇಕಿತ್ತು.

"ನಿಂಗೂ ಓಪನ್ ಆಗ್ತಿಲ್ವೇನೋ?"

"ಇಲ್ಲ ಮಾರಾಯ."

ಆ ಉತ್ತರದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಾಡುವುದು ಅದೇ. ಅವನು ಕೇಳಿದ್ದು ತನ್ನ ಹಾಗೇ ತೊಂದರೆಗೆ ಸಿಕ್ಕ ಇನ್ನೊಬ್ಬನನ್ನು. ನಾನು ಆ ಇನ್ನೊಬ್ಬನ ವಿಳಾಸದಿಂದಲೇ ಉತ್ತರ ಕೊಟ್ಟೆ.

ನನ್ನ ಪರವಾಗಿ ವಾದಿಸಬಹುದು. ಆ ಸೆಟ್ಟಿಂಗ್ ನಾನು ಆರಿಸಿದ್ದಲ್ಲ. ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಹಂಚಿಕೊಳ್ಳದೆ ವಿಧಿಯಿಲ್ಲ. ಒಬ್ಬನ ತಪ್ಪಿಗೆ ಎಲ್ಲರನ್ನೂ ತಡೆದದ್ದು ಗ್ರಂಥಾಲಯ. ಎಲ್ಲ ನಿಜವೇ. ಆದರೆ ಲ್ಯಾಪ್‌ಟಾಪಿರಲಿ, ರೂಟರಿರಲಿ, ನ್ಯಾಟ್ ಮಾಡುವಾಗ ಯಾವ ಕೋರಿಕೆ ಒಳಗಿನ ಯಾರದ್ದೆಂದು ನೆನಪಿಟ್ಟುಕೊಳ್ಳಲೇಬೇಕು. ಇಲ್ಲದಿದ್ದರೆ ಉತ್ತರ ಮನೆ ತಲುಪುವುದಿಲ್ಲ. ಹೊರಗಿನವರಿಗೆ ಗೊತ್ತಾಗದ್ದು ಒಳಗೆ ಗೊತ್ತೇ ಇರುತ್ತದೆ.

ಈಗ 'ಬ್ರಿಡ್ಜ್ಡ್' ಆಯ್ಕೆಗೆ ಬದಲಾಯಿಸಿದ್ದೇನೆ. ಒಳಗಿನ ಯಂತ್ರ ಹಾಸ್ಟೆಲ್ ಜಾಲದಿಂದ ತನ್ನದೇ ವಿಳಾಸ ಪಡೆಯುತ್ತದೆ. (ವೈಫೈಯಲ್ಲಿ ಇದು ಆಗಾಗ ಕೈಕೊಡುತ್ತದೆ, ಕೇಬಲ್ ವಾಸಿ.) ಆಚೆಯವರಿಗೆ ಕಾಣುವುದು ಈಗಲೂ ಹಾಸ್ಟೆಲಿನ ವಿಳಾಸವೇ, ಸರಿದದ್ದು ಒಂದು ಪರದೆ ಮಾತ್ರ. ಗ್ರಂಥಾಲಯಕ್ಕೆ ಅಂದೇ ಬರೆದು ತಪ್ಪೊಪ್ಪಿಕೊಂಡೆ, ಮರುದಿನ ತಡೆ ತೆಗೆದರು. ಗುರುತಿಲ್ಲದವರಿಗೆ ಹೇಳುವುದು ಕಷ್ಟವಾಗಲಿಲ್ಲ. ಗೆಳೆಯನಿಗೆ ಇನ್ನೂ ಹೇಳಿಲ್ಲ. ಅವನು ಈ ಪತ್ರಿಕೆ ಓದುತ್ತಾನೆ.