ಕಯಾಧುವಿಗೆ ಸಿಕ್ಕ ಅಭಯ



ನಮ್ಮ ದೇವಸ್ಥಾನದಲ್ಲಿ ಸೀಮಂತ ನಡೆದಾಗಲೆಲ್ಲ ಒಂದು ಕಥೆ ತಪ್ಪದೆ ಬರುತ್ತದೆ. ಪ್ರಹ್ಲಾದನು ತಾಯಿಯ ಗರ್ಭದಲ್ಲಿದ್ದಾಗಲೇ ನಾರದರ ಉಪದೇಶ ಕೇಳಿ ಹರಿಭಕ್ತನಾದ ಕಥೆ. ಅದನ್ನು ಹೇಳಿ ಮುಗಿಸಿ, ಆದ್ದರಿಂದ ಗರ್ಭಿಣಿಯರು ವಿಷ್ಣುಸಹಸ್ರನಾಮ ಕೇಳಬೇಕು, ಕೆಟ್ಟ ಧಾರಾವಾಹಿಗಳನ್ನು ನೋಡಬಾರದು ಎಂದು ನಾವು ಹಿರಿಯರು ಬುದ್ಧಿ ಹೇಳುತ್ತೇವೆ. ತಪ್ಪೇನೂ ಇಲ್ಲ. ಆದರೆ ಭಾಗವತದ ಏಳನೆಯ ಸ್ಕಂಧದ ಏಳನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ, ಉಪದೇಶಕ್ಕೆ ಮೊದಲು ಅಲ್ಲಿ ಬೇರೊಂದು ನಡೆದಿರುವುದು ಕಾಣುತ್ತದೆ. ಇಷ್ಟು ವರ್ಷ ನಾವೇ ಅದನ್ನು ದಾಟಿಕೊಂಡು ಹೋಗಿದ್ದೆವು.

ಹಿರಣ್ಯಕಶಿಪು ತಪಸ್ಸಿಗೆಂದು ಮಂದರ ಪರ್ವತಕ್ಕೆ ಹೋಗಿದ್ದಾನೆ. ಅವನಿಲ್ಲದ ಹೊತ್ತು ನೋಡಿ ದೇವತೆಗಳು ದಾಳಿ ಮಾಡುತ್ತಾರೆ. ಅಸುರರು ಹೆಂಡತಿ ಮಕ್ಕಳನ್ನೂ ನೋಡದೆ ಓಡುತ್ತಾರೆ. ಇಂದ್ರನು ಗರ್ಭಿಣಿಯಾದ ಕಯಾಧುವನ್ನು ಎಳೆದುಕೊಂಡು ಹೊರಡುತ್ತಾನೆ. ಆಕೆ ಹಕ್ಕಿಯಂತೆ ಗೋಳಿಡುತ್ತಾಳೆ. ದಾರಿಯಲ್ಲಿ ನಾರದರು ತಡೆದಾಗ ಇಂದ್ರನು ಕೊಟ್ಟ ಸಮಾಧಾನವೇನು? ಈಕೆಯ ಹೊಟ್ಟೆಯಲ್ಲಿ ಶತ್ರುವಿನ ಬೀಜವಿದೆ, ಹೆರಿಗೆಯಾಗುವವರೆಗೆ ಇಟ್ಟುಕೊಂಡು ಆಮೇಲೆ ಬಿಟ್ಟುಬಿಡುತ್ತೇನೆ ಎಂದು. ಅಂದರೆ ಇಂದ್ರನಿಗೆ ಕಂಡದ್ದು ಗರ್ಭ ಮಾತ್ರ. ಅದನ್ನು ಹೊತ್ತವಳು ಅವನ ಲೆಕ್ಕದಲ್ಲಿ ಒಂದು ಪಾತ್ರೆ.

ನಾರದರು ಆಕೆಯನ್ನು ಬಿಡಿಸಿ ಆಶ್ರಮಕ್ಕೆ ಕರೆತಂದು ಮಗಳೇ ಎಂದು ಕರೆದರು. ನಿನ್ನ ಗಂಡ ಬರುವವರೆಗೆ ಇಲ್ಲೇ ಇರು ಎಂದರು. ಆಕೆ ಎಲ್ಲಿಂದಲೂ ಭಯವಿಲ್ಲದೆ ಅಲ್ಲಿ ಇದ್ದಳು ಎಂದು ಪ್ರಹ್ಲಾದನೇ ತನ್ನ ಗೆಳೆಯರಿಗೆ ಹೇಳುತ್ತಾನೆ. ಧರ್ಮ, ಜ್ಞಾನಗಳ ಉಪದೇಶ ಬಂದದ್ದು ಇದಾದ ಮೇಲೆ. ಮೊದಲು ಇರಲು ನೆಲೆ, ಆಮೇಲೆ ಅಭಯ, ಕೊನೆಗೆ ಬೋಧೆ. ನಾವು ಈ ಅನುಕ್ರಮವನ್ನು ತಲೆಕೆಳಗು ಮಾಡಿಕೊಂಡು ಬೋಧೆಯಿಂದಲೇ ಶುರು ಮಾಡುತ್ತೇವೆ. ಎಷ್ಟೋ ಸಲ ಅಲ್ಲೇ ಮುಗಿಸಿಯೂ ಬಿಡುತ್ತೇವೆ.

ಇದನ್ನು ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲೇ ಒಬ್ಬ ಹುಡುಗಿಯ ಸೀಮಂತ ಬಹಳ ಸಂಭ್ರಮದಿಂದ ನಡೆಯಿತು. ಐದು ಬಗೆಯ ಚಿತ್ರಾನ್ನ, ಚಿರೋಟಿ, ಹಸಿರು ಬಳೆ, ಆರತಿ, ಹಾಡು, ಯಾವುದಕ್ಕೂ ಕೊರತೆಯಿರಲಿಲ್ಲ. ಹೆರಿಗೆಯಾಗಿ ಮೂರು ತಿಂಗಳಾದ ಮೇಲೆ ಆಕೆ ಕೂಸನ್ನೆತ್ತಿಕೊಂಡು ಶನಿವಾರದ ಪೂಜೆಗೆ ಬಂದಳು. ಮಂಗಳಾರತಿಯ ಹೊತ್ತಿನಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ಒಬ್ಬಳೇ ನಿಂತು ಅಳುತ್ತಿದ್ದಳು. ನಾವು ನೋಡಿದೆವು, ಹತ್ತಿರ ಹೋಗಿ ಮಾತನಾಡಿಸಿಯೂ ಮಾತನಾಡಿಸಿದೆವು. ಏನು ಹೇಳಿದೆವು? "ಬಂಗಾರದಂಥ ಮಗು ಇಟ್ಟುಕೊಂಡು ಅಳಬಾರದಮ್ಮ, ದೇವರಿಗೆ ಸಿಟ್ಟು ಬರುತ್ತೆ. ನಾವೆಲ್ಲ ಮೂರು ಮೂರು ಹೆತ್ತಿಲ್ಲವೇ?" ಎಂದೆವು. ಪ್ರಸಾದ ಕೊಟ್ಟು, ಮಗುವಿಗೆ ದೃಷ್ಟಿ ತೆಗೆದು ಕಳಿಸಿದೆವು. ಮಗುವನ್ನು ಐದಾರು ಜನ ಎತ್ತಿಕೊಂಡರು. ತಾಯಿಯ ಕೈ ಹಿಡಿದವರು ಯಾರೂ ಇಲ್ಲ.

ಮುಂದಿನ ವಾರ ಮಗುವಿನ ಲಸಿಕೆಗೆಂದು ಹೋದಾಗ ಅಲ್ಲಿನ ನರ್ಸ್ ಆಕೆಯ ಕೈಗೆ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರಂತೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1987ರಲ್ಲಿ ಸಿದ್ಧವಾದ ಪ್ರಶ್ನಾವಳಿ ಅದು, ಈಗ ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿದೆ. ಹತ್ತನೆಯ ಪ್ರಶ್ನೆ, ನಿಮಗೆ ನೀವೇ ಕೇಡು ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅಲ್ಲಿಗೆ ಬಂದಾಗ ಆಕೆಗೆ ಪೆನ್ನು ಮುಂದೆ ಸರಿಯಲಿಲ್ಲ. ಅಂದೇ ಚಿಕಿತ್ಸೆ ಶುರುವಾಯಿತು. ದೇವರ ದಯೆಯಿಂದ ಆಕೆ ಈಗ ಆರೋಗ್ಯವಾಗಿದ್ದಾಳೆ. ಇದನ್ನು ಬರೆಯಿರಿ ಎಂದು ಒತ್ತಾಯ ಮಾಡಿದವಳೂ ಆಕೆಯೇ. ಮೂರು ತಿಂಗಳ ಕಾಲ ನಾವು ಯಾರೂ ಕೇಳದೆ ಇದ್ದುದನ್ನು ಪರಿಚಯವಿಲ್ಲದ ಒಬ್ಬ ನರ್ಸ್ ಕೇಳಿದರು ಎಂಬುದನ್ನು ನೆನೆದರೆ ನಮಗೆ ಈಗಲೂ ತಲೆ ತಗ್ಗುತ್ತದೆ.

ಹೆರಿಗೆಯಾದ ಮೊದಲ ವಾರ, ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನಕ್ಕೆ ಇರುವಂಥದ್ದು, ಅದು ತಾನಾಗಿ ಇಳಿಯುತ್ತದೆ. ಎರಡು ವಾರ ಕಳೆದರೂ ಇಳಿಯದೆ, ಮಗು ಮಲಗಿದಾಗಲೂ ನಿದ್ದೆ ಬಾರದೆ, ಊಟ ಸೇರದೆ, ಮಗುವನ್ನು ಕಂಡರೆ ಏನೂ ಅನ್ನಿಸದೆ ಅಥವಾ ಅತಿಯಾದ ಹೆದರಿಕೆಯಾಗಿ ದಿನ ಕಳೆಯುತ್ತಿದ್ದರೆ ಅದು ಕಾಯಿಲೆ. ಅಮೆರಿಕದಲ್ಲಿ ಸುಮಾರು ಎಂಟು ಮಂದಿ ಹೊಸ ತಾಯಂದಿರಲ್ಲಿ ಒಬ್ಬರಿಗೆ ಇದರ ಲಕ್ಷಣಗಳು ಕಾಣಿಸುತ್ತವೆ. ಇದು ಪಾಪದ ಫಲವೂ ಅಲ್ಲ, ಭಕ್ತಿ ಸಾಲದ್ದಕ್ಕೆ ಬಂದದ್ದೂ ಅಲ್ಲ. ಔಷಧವಿದೆ, ವಾಸಿಯಾಗುತ್ತದೆ; ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ, ವೈದ್ಯರು ನೋಡಿ ಕೊಡುತ್ತಾರೆ. ಇನ್ನು ತಾಯಿಗೆ ಇಲ್ಲದ ದನಿ ಕೇಳಿಸುವುದು, ಮಾತು ಹಿಡಿತ ತಪ್ಪುವುದು, ಇದನ್ನು ಊರಿನಲ್ಲಿ ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದರು. ಹೆಸರಿಟ್ಟಿದ್ದರು ಎಂದ ಮೇಲೆ ಕಂಡಿದ್ದರು ಎಂದೇ ಅರ್ಥ. ಅಂಥ ಹೊತ್ತಿನಲ್ಲಿ ಜಾತಕ ತೋರಿಸುತ್ತಾ ಕೂರಬಾರದು, ತಕ್ಷಣ 911ಕ್ಕೆ ಫೋನ್ ಮಾಡಬೇಕು. ಮನಸ್ಸು ಭಾರವಾದಾಗ ಹಗಲಿರುಳೂ ಮಾತನಾಡಲು 2022ರಲ್ಲಿ ಕೇಂದ್ರ ಸರ್ಕಾರ ತಾಯಂದಿರಿಗಾಗಿಯೇ ಆರಂಭಿಸಿದ ಉಚಿತ ದೂರವಾಣಿ ಇದೆ: 1-833-852-6262. ಫ್ರಿಜ್ಜಿನ ಮೇಲೆ ಬರೆದು ಅಂಟಿಸಿಕೊಳ್ಳಿ. ತಂದೆಯಾದವರೂ ಕುಗ್ಗುವುದುಂಟು, ಅವರು ಹೇಳಿಕೊಳ್ಳುವುದು ಇನ್ನೂ ಕಡಿಮೆ.

ದಣಿವೇ ಒಂದು ಅಪರಾಧವೆಂಬಂತೆ ನಡೆದುಕೊಳ್ಳುವವರು ದಶಮಸ್ಕಂಧವನ್ನು ಓದಬೇಕು. ಯಶೋದೆಗೆ ಹೆರಿಗೆಯಾಯಿತು, ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ತಿಳಿಯದಷ್ಟು ದಣಿದು ನಿದ್ದೆ ಹೋದಳು ಎಂದು ವ್ಯಾಸರು ಬರೆದಿದ್ದಾರೆ. ಯೋಗಮಾಯೆಯ ಆಟ ಅದು ಎಂದು ನಾವು ವಿವರಿಸುತ್ತೇವೆ, ನಿಜ. ಆದರೂ ಎಂಥಾ ತಾಯಿ ಇವಳು ಎಂದು ಭಾಗವತ ಆಕೆಯನ್ನು ಆಕ್ಷೇಪಿಸಿಲ್ಲ. ಬೆಳಗಾದ ಮೇಲೆ ಜಾತಕರ್ಮದ ಓಡಾಟವೆಲ್ಲ ನಂದಗೋಪನದು. ಊರಿನ ಗೋಪಿಯರೆಲ್ಲ ಆ ಮನೆಗೆ ಬಂದರು. ಆ ರಾತ್ರಿ ಸುರಿವ ಮಳೆಯಲ್ಲಿ ಮಗುವನ್ನು ಹೊತ್ತು ಯಮುನೆ ದಾಟಿದವನೂ ಒಬ್ಬ ತಂದೆಯೇ ಎಂಬುದನ್ನು, ಡೈಪರ್ ಬದಲಿಸಲು ಹಿಂಜರಿಯುವ ನಮ್ಮ ತರುಣರಿಗೆ ನೆನಪಿಸುತ್ತಿದ್ದೇವೆ.

ಇಲ್ಲಿ ಗೋಕುಲ ಎಲ್ಲಿಂದ ತರುವುದು? ಸಹಜ ಹೆರಿಗೆಗೆ 48 ಗಂಟೆ, ಸಿಸೇರಿಯನ್ ಆದರೆ 96 ಗಂಟೆಗಿಂತ ಕಡಿಮೆಗೆ ವಿಮೆಯವರು ಮಿತಿ ಹಾಕಬಾರದೆಂದು 1996ರಲ್ಲಿ ಕಾನೂನೇ ಆಗಬೇಕಾಯಿತು. ಆಮೇಲೆ ಕಾರ್ ಸೀಟಿನಲ್ಲಿ ಕೂಸನ್ನು ಕಟ್ಟಿಕೊಂಡು ಇಬ್ಬರೇ ಮನೆಗೆ ಬರಬೇಕು. ಊರಿನಿಂದ ಬಂದ ಅಮ್ಮನೋ ಅತ್ತೆಯೋ ವೀಸಾ ಮುಗಿದು ಹಿಂದಿರುಗುವ ದಿನ ಮನೆ ಭಣಗುಡುತ್ತದೆ. ಕೆಲವರಿಗೆ ಅಮ್ಮ ಬರಲೂ ಆಗುವುದಿಲ್ಲ. ತಾಯಿಗೆ ವೈದ್ಯರ ಭೇಟಿ ಆರು ವಾರಕ್ಕೆ ಒಂದೇ ಸಲ ಎಂಬ ಪದ್ಧತಿಯನ್ನು ಬದಲಿಸಿ, ಮೊದಲ ಮೂರು ವಾರದೊಳಗೇ ಒಮ್ಮೆ ಸಂಪರ್ಕಿಸಬೇಕೆಂದು ಇಲ್ಲಿನ ಪ್ರಸೂತಿ ತಜ್ಞರ ಕಾಲೇಜು 2018ರಲ್ಲಿ ಹೇಳಿದೆ. ಕೇಳಿ ಪಡೆಯಿರಿ, ಸಂಕೋಚ ಬೇಡ. ಒಂದು ಗಂಟೆಗೆ ಒಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಕಣ್ಣು ಮಂಜಾಗಿ ಬರುವ ವಿಪರೀತ ತಲೆನೋವು, ಎದೆನೋವು, ಉಸಿರು ಕಟ್ಟುವುದು, ಜ್ವರ, ಒಂದೇ ಕಾಲಿನ ಊತ, ಇವಕ್ಕೆ ಕಷಾಯ ಕುಡಿದು ಬೆಳಗಾಗಲಿ ಎಂದು ಕಾಯಬಾರದು. ಎರಡು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೂ ಹಾಗೆಯೇ.

ಸಂಪ್ರದಾಯದ ವಿಷಯಕ್ಕೆ ಬಂದರೆ, ಆಶ್ವಲಾಯನ ಗೃಹ್ಯಸೂತ್ರವು ಸೀಮಂತೋನ್ನಯನದ ವಿಧಿಯನ್ನು ಹೇಳುವಾಗ, ಗಂಡ ಮಕ್ಕಳಿರುವ ವೃದ್ಧ ಸ್ತ್ರೀಯರು ಏನೇನು ಹೇಳುತ್ತಾರೋ ಅದನ್ನು ಮಾಡಬೇಕು ಎನ್ನುತ್ತದೆ. ಸೂತ್ರಕಾರರೇ ಅಧಿಕಾರವನ್ನು ಅನುಭವಕ್ಕೆ ಬಿಟ್ಟುಕೊಟ್ಟರು. ಹೊಸ ಅನುಭವ ಬಂದಾಗ ಹಳೆಯ ಮಾತನ್ನು ತಿದ್ದಿಕೊಳ್ಳುವ ಭಾರವೂ ಹಾಗಾದರೆ ಹಿರಿಯರಾದ ನಮ್ಮ ಮೇಲೆಯೇ ಇದೆ. ನಾವು ವೈದ್ಯರಲ್ಲ, ಮುಂದಿನ ಮಾತುಗಳನ್ನು ನಮ್ಮ ಬಳಗದ ವೈದ್ಯ ಸೋದರಿಯರಿಗೆ ಓದಿಸಿಯೇ ಬರೆದಿದ್ದೇವೆ.

ಜಾತಕರ್ಮದಲ್ಲಿ ಚಿನ್ನ ತೇಯ್ದ ಜೇನು ತುಪ್ಪಗಳನ್ನು ಕೂಸಿಗೆ ನೆಕ್ಕಿಸುವುದುಂಟು. ಒಂದು ವರ್ಷ ತುಂಬುವವರೆಗೆ ಜೇನು ಖಂಡಿತ ಕೂಡದು. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ. ಆ ಮಂತ್ರವಿರುವುದೇ ಮಗುವಿಗೆ ಮೇಧೆ, ಆಯುಸ್ಸು ಕೋರುವುದಕ್ಕೆ. ಚಿನ್ನವನ್ನು ಅಂಗೈಗೆ ಮುಟ್ಟಿಸಿ ಮಂತ್ರ ಹೇಳಿ ಎಂದು ಅರ್ಚಕರನ್ನು ಕೇಳಿಕೊಂಡರೆ ಕರ್ಮಲೋಪವಾಯಿತೆಂದು ನಮಗೆ ಅನ್ನಿಸುವುದಿಲ್ಲ. ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರಬಹುದೆಂದು ಇಲ್ಲಿನ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಸಿದೆ; ದೃಷ್ಟಿಬೊಟ್ಟು ಬೇಕೇಬೇಕೆಂದಿದ್ದರೆ ಟೋಪಿಗೆ ಇಡಿ, ಕೆಟ್ಟ ಕಣ್ಣಿಗೆ ಟೋಪಿಯೂ ಕಾಣುತ್ತದೆ. ತಲೆ ದುಂಡಗಾಗಲೆಂದು ಊರಿನಿಂದ ತಂದ ಸಾಸಿವೆ ದಿಂಬು ತೊಟ್ಟಿಲಿಗೆ ಬೇಡ. ಕೂಸನ್ನು ಯಾವಾಗಲೂ ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ದಿಂಬು ರಗ್ಗುಗಳಿಲ್ಲದೆ ಮಲಗಿಸಬೇಕು. ಬಾಗಿಲು ಕಿಟಕಿ ಮುಚ್ಚಿದ ಅಪಾರ್ಟ್‌ಮೆಂಟಿನಲ್ಲಿ ಕೆಂಡ ಹಾಕಿ ಸಾಂಬ್ರಾಣಿ ಹೊಗೆ ಕೊಡುವುದೂ ಅಪಾಯವೇ.

ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎಂಬ ಮಾತನ್ನಂತೂ ಬಿಟ್ಟೇಬಿಡಬೇಕು. ಹಾಲೂಡಿಸುವ ತಾಯಿಗೆ ಬಾಯಾರಿಕೆ ಹೆಚ್ಚು, ಕೇಳಿದಷ್ಟು ಕೊಡಿ. ಸಬ್ಬಸಿಗೆ ಸೊಪ್ಪಿನ ಪಲ್ಯ, ಮೆಂತ್ಯದ ಹಿಟ್ಟು, ಬೆಳ್ಳುಳ್ಳಿ ಸಾರು, ಅಂಟಿನುಂಡೆ ಎಲ್ಲ ಇರಲಿ. ನಾಲ್ಕು ಜನ ತನಗಾಗಿ ಅಡುಗೆ ಮಾಡಿದರು ಎಂಬುದೇ ಅದರಲ್ಲಿ ಅರ್ಧ ಔಷಧ.

ಬಯಕೆಯ ಬಗ್ಗೆಯೂ ಒಂದು ಮಾತು. ನಾಲ್ಕನೆಯ ತಿಂಗಳಿನಲ್ಲಿ ಗರ್ಭಿಣಿಗೆ ಎರಡು ಹೃದಯ, ಆಕೆಯ ಬಯಕೆಯನ್ನು ತೀರಿಸಬೇಕು ಎನ್ನುತ್ತದೆ ಸುಶ್ರುತ ಸಂಹಿತೆ. ಆದರೆ ಗರ್ಭಿಣಿಯರಿಗೆ ಬರುವ ಸಕ್ಕರೆ ಕಾಯಿಲೆ ನಮ್ಮ ಭಾರತೀಯರಲ್ಲಿ ಹೆಚ್ಚು. ಅದರ ಪರೀಕ್ಷೆ ಸಾಮಾನ್ಯವಾಗಿ 24ರಿಂದ 28ನೆಯ ವಾರದಲ್ಲಿ, ಅಂದರೆ ಸರಿಯಾಗಿ ನಾವು ಸೀಮಂತಕ್ಕೆ ಹೋಳಿಗೆ ತಟ್ಟುವ ಹೊತ್ತಿನಲ್ಲಿ. ಬಯಕೆ ಎಂದರೆ ಸಿಹಿಯೇ ಆಗಬೇಕೆಂದಿಲ್ಲ. ಒಮ್ಮೆ ಆಕೆಯನ್ನೇ ಕೇಳಿ ನೋಡಿ; ಒಂದು ಮಧ್ಯಾಹ್ನ ಯಾರೂ ಎಬ್ಬಿಸದ ನಿದ್ದೆ ಬೇಕು ಎಂದಾಳು.

ಕೊನೆಗೆ ಪುರುಡಿನ ಮಾತು. ಹತ್ತು ದಿನ ಮುಟ್ಟಬಾರದು, ಹೋಗಬಾರದು ಎಂದು ನಾವು ದೂರ ನಿಲ್ಲುತ್ತೇವೆ. ತಾಯಿ ಮಗುವಿಗೆ ವಿಶ್ರಾಂತಿ ಸಿಗಲಿ, ಬಂದವರಿಂದ ಸೋಂಕು ತಗಲದಿರಲಿ ಎಂಬ ಲಾಭ ಅದರಲ್ಲಿ ಖಂಡಿತ ಇದೆ. ಕೆಮ್ಮು ಇಟ್ಟುಕೊಂಡು ಮಗು ನೋಡಲು ಬರುವವರನ್ನು ಕಂಡರೆ ನಮಗೂ ಭಯವೇ. ಪೂತನಿಯೂ ನಗುನಗುತ್ತಲೇ ಬಂದಿದ್ದಳು. ನಾಯಿಕೆಮ್ಮಿನ ಲಸಿಕೆಯನ್ನು ಗರ್ಭಿಣಿಯರು 27ರಿಂದ 36ನೆಯ ವಾರದೊಳಗೆ ಪ್ರತಿ ಬಸಿರಿನಲ್ಲೂ ಹಾಕಿಸಿಕೊಳ್ಳಬೇಕು. ಊರಿನಿಂದ ಬರುವ ಅಜ್ಜ ಅಜ್ಜಿಯರೂ ಕೂಸನ್ನು ಎತ್ತಿಕೊಳ್ಳುವ ಎರಡು ವಾರ ಮೊದಲೇ ಹಾಕಿಸಿಕೊಂಡಿರಲಿ. ಆದರೆ ಊರಿನಲ್ಲಿ ಪುರುಡಿದ್ದ ಮನೆಯಲ್ಲೂ ಬಾಣಂತಿಗೆ ನೀರೆರೆಯಲು, ಕೂಸಿಗೆ ಎಣ್ಣೆ ತಿಕ್ಕಲು ಒಬ್ಬಾಕೆ ಇದ್ದೇ ಇರುತ್ತಿದ್ದಳು. ಒಬ್ಬಂಟಿ ಬಿಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮನೆಯೊಳಗೆ ಹೋಗಲು ಮನಸ್ಸು ಒಪ್ಪದವರು ಬಾಗಿಲಲ್ಲಿ ಊಟ ಇಟ್ಟು ಬರಬಹುದು, ಫೋನಿನಲ್ಲಿ ಮಾತನಾಡಬಹುದು, ದೊಡ್ಡ ಮಗುವನ್ನು ಶಾಲೆಗೆ ಬಿಡಬಹುದು. ಫೋನ್ ಮಾಡಿದಾಗ ಮಗು ಹೇಗಿದೆ ಎಂದು ಕೇಳುವ ಮೊದಲು ನೀನು ಹೇಗಿದ್ದೀಯಮ್ಮ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ.

ಇದಕ್ಕಾಗಿ ಮಹಿಳಾ ಸತ್ಸಂಗದವರು ದೇವಸ್ಥಾನದ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದಾರೆ. ಹೆರಿಗೆಯಾದ ಮನೆಗೆ ಆರು ವಾರ, ವಾರಕ್ಕೆ ಮೂರು ದಿನ ಊಟ ಕೊಡುವವರು, ರಾತ್ರಿ ಹೊತ್ತು ಫೋನ್ ಎತ್ತಿಕೊಳ್ಳುವವರು, ಎರಡು ಗಂಟೆ ಕೂಸನ್ನು ನೋಡಿಕೊಂಡು ತಾಯಿಯನ್ನು ಮಲಗಲು ಬಿಡುವವರು ಅದರಲ್ಲಿ ಹೆಸರು ಬರೆಯಬೇಕು. ಗಂಡಸರೂ ಬರೆಯಬಹುದು, ಸಾರು ಅನ್ನ ಮಾಡಲು ಬಂದರೆ ಸಾಕು. ಖಾರ ಕಡಿಮೆ ಇರಲಿ. ಬಳಸಿ ಎಸೆಯುವ ಡಬ್ಬಿಯಲ್ಲೇ ಕೊಡಿ. ತೊಳೆದು ಹಿಂದಿರುಗಿಸುವ ಕೆಲಸ ಆ ಮನೆಗೆ ಬೇಡ.